ನಾಲ್ಕನೇ ಗೂಡು, ಒಂಬತ್ತನೇ ಕಾರ್ಡು

ನಮ್ಮೂರಿಗೆ ದನಿ ಬಂದು ಇಪ್ಪತ್ತೆರಡು ವರ್ಷವಾಯಿತು. ಅದು ಬಂದದ್ದು ಲಾರಿಯಲ್ಲಿ, ಒಣಹುಲ್ಲು ತುಂಬಿದ ಮರದ ಪೆಟ್ಟಿಗೆಯೊಳಗೆ. ಅದಕ್ಕೆ ಮೊದಲು ಊರಿನಲ್ಲಿ ನಾಯಿ ಬೊಗಳುತ್ತಿತ್ತು, ಕಾಗೆ ಕೂಗುತ್ತಿತ್ತು, ಪಾತ್ರೆ ಬಿದ್ದರೆ ಸದ್ದಾಗುತ್ತಿತ್ತು. ಮನುಷ್ಯರ ಬಾಯಿಂದ ಮಾತ್ರ ಏನೂ ಬರುತ್ತಿರಲಿಲ್ಲ. ಹಸುಗೂಸುಗಳ ಕಾಲಿಗೆ ಗೆಜ್ಜೆ ಕಟ್ಟುತ್ತಿದ್ದರು. ಗೆಜ್ಜೆ ಜೋರಾಗಿ ಅಲುಗಿದರೆ ಕೂಸು ಅಳುತ್ತಿದೆ ಎಂದು ಅರ್ಥ. ಉಳಿದದ್ದೆಲ್ಲ ಕೈಮಾತು. ಜಗಳಕ್ಕೂ ಎರಡು ಕೈ ಬೇಕಾಗಿದ್ದರಿಂದ ಕೈಯಲ್ಲಿದ್ದ ಸಾಮಾನನ್ನು ಕೆಳಗಿಟ್ಟೇ ಶುರುಮಾಡಬೇಕಿತ್ತು, ಅಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತಿತ್ತು ಎಂದು ಹಳಬರು ಈಗಲೂ ಹೇಳುತ್ತಾರೆ.

ಪೆಟ್ಟಿಗೆಯೊಳಗಿದ್ದದ್ದು ಸೊಂಟದೆತ್ತರದ ಒಂದು ಕಬ್ಬಿಣದ ಚೌಕಟ್ಟು. ಹೆಡ್ಡಾಫೀಸಿನ ಕಾಗದದಲ್ಲಿ ಅದಕ್ಕೆ ಚಾಸಿಸ್ ಎಂದಿತ್ತು, ಅದರೊಳಗಿನ ಉದ್ದುದ್ದ ಖಾನೆಗಳಿಗೆ ಸ್ಲಾಟ್ ಎಂದಿತ್ತು. ನಮ್ಮ ಜನ ಅದನ್ನು ಗೂಡುಪೆಟ್ಟಿಗೆ ಎಂದರು, ಖಾನೆಗಳನ್ನು ಗೂಡು ಎಂದರು. ಒಟ್ಟು ಹದಿನಾರು ಗೂಡು. ಬೀದಿಗೊಂದರಂತೆ ಹನ್ನೆರಡು ಗೂಡಿನಲ್ಲಿ ಹನ್ನೆರಡು ಕಾರ್ಡು, ಶೆಲ್ಫಿನ ಪುಸ್ತಕಗಳ ಹಾಗೆ ನೆಟ್ಟಗೆ ನಿಂತಿರುತ್ತವೆ. ನಡುವಿನ ಎರಡರಲ್ಲಿ ಎಲ್ಲರ ಮೇಲೆ ಯಜಮಾನಿಕೆ ಮಾಡುವ ಎರಡು ಕಾರ್ಡು. ಒಂದು ದುಡಿಯುತ್ತದೆ, ಇನ್ನೊಂದು ಮೊದಲನೆಯದು ಯಾವಾಗ ಮಲಗುತ್ತದೋ ಎಂದು ಕಾಯುತ್ತ ಕೂತಿರುತ್ತದೆ. ಉಳಿದ ಎರಡು ಗೂಡು ಖಾಲಿ, ಅವುಗಳ ಬಾಯಿಗೆ ತಗಡು ಬಿಗಿದಿದೆ. ಆ ತಗಡು ತೆಗೆದರೆ ಫ್ಯಾನಿನ ಗಾಳಿ ಅಲ್ಲಿಂದಲೇ ಸೋರಿಹೋಗಿ ಉಳಿದ ಕಾರ್ಡುಗಳಿಗೆ ಕಾವೇರುತ್ತದೆ. ಕಾವೇರಿದ ಬೀದಿಯ ಜನಕ್ಕೆ ಗಂಟಲು ಕಟ್ಟುತ್ತದೆ. ಪ್ರತಿ ಕಾರ್ಡಿನಲ್ಲಿ ಅರವತ್ತನಾಲ್ಕು ಜನರಿಗೆ ಜಾಗ, ತಲೆಗೊಂದು ತಂತಿ.

ಪೆಟ್ಟಿಗೆ ಬರುವ ಮುಂಚೆ ಹೆಡ್ಡಾಫೀಸಿನ ಒಬ್ಬರು ಬಂದು ಊರಿನವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಬಾಯಿ ತೆಗೆಸಿ ಬ್ಯಾಟರಿ ಬಿಟ್ಟು ನೋಡಿ, ಕುತ್ತಿಗೆಗೆ ಟೇಪು ಸುತ್ತಿ ಅಳತೆ ಬರೆದುಕೊಂಡು ಹೋಗಿದ್ದರು. ಆ ಅಳತೆಯ ಮೇಲೆ ಯಾರ ದನಿ ಅವರಿಗೆ ಎಂದು ಕಾರ್ಡು ತಯಾರಾಯಿತು. ನನಗಾಗ ಹತ್ತೊಂಬತ್ತು ವರ್ಷ. ನಾನು ವನಜಾಕ್ಷಿ, ನಾಲ್ಕನೇ ಬೀದಿಯವಳು, ನಾಲ್ಕನೇ ಕಾರ್ಡಿನ ಮೂವತ್ತೊಂದನೇ ತಂತಿ.

ದನಿ ಬಂದ ಘಳಿಗೆ ನಾನು ನಮ್ಮ ಬೀದಿಯ ಬೇಕರಿಯ ಮುಂದೆ ನಿಂತಿದ್ದೆ. ಬೆಳಿಗ್ಗೆ ಹನ್ನೊಂದು ಗಂಟೆ. ಗಂಟಲಲ್ಲಿ ಏನೋ ಸಡಿಲಾದ ಹಾಗಾಯಿತು, ಬಾಯಿ ತೆರೆದೆ, "ಅಯ್ಯೋ, ಇದು ನಂದಾ?" ಎಂದೆ. ಜೇನು ಸುರಿದ ಹಾಗಿತ್ತು ಎಂದು ನಾನೇ ಹೇಳಿಕೊಳ್ಳಬಾರದು, ಆದರೆ ಸುತ್ತ ನಿಂತವರೆಲ್ಲ ತಮ್ಮ ಹೊಸ ದನಿ ಬಿಟ್ಟು ನನ್ನ ಕಡೆ ತಿರುಗಿದ್ದು ನಿಜ. ಒಳಗೆ ಒಲೆಯ ಹತ್ತಿರ ಹಿಟ್ಟು ನಾದುತ್ತಿದ್ದ ಶೇಷಣ್ಣ ಕೈ ನಿಲ್ಲಿಸಿ, "ಯಾರದು? ಇನ್ನೊಂದ್ಸಲ ಮಾತಾಡಿ," ಎಂದರು. ಅವರಿಗೆ ಹುಟ್ಟಿನಿಂದ ಕಣ್ಣಿಲ್ಲ. ಮಾತಿಲ್ಲದ ಊರಿನಲ್ಲಿ ಕಣ್ಣಿಲ್ಲದವನ ಬಾಳು ಹೇಗಿದ್ದೀತು, ನೀವೇ ಯೋಚನೆ ಮಾಡಿ. ಅಂಗೈ ಮೇಲೆ ಬೆರಳಿನಿಂದ ಬರೆದು ಹೇಳುವಷ್ಟು ಪುರುಸೊತ್ತು ಇದ್ದವರು ದಿನಕ್ಕೆ ಇಬ್ಬರೋ ಮೂವರೋ. ಇಪ್ಪತ್ತನಾಲ್ಕು ವರ್ಷ ಹಾಗೆ ಬದುಕಿದ ಮನುಷ್ಯ ಕೇಳಿದ ಮೊದಲ ಹೆಣ್ಣುದನಿ ನನ್ನದು. ಎರಡು ತಿಂಗಳಿಗೆ ನಮ್ಮ ಮದುವೆಯಾಯಿತು. ಮಕ್ಕಳಾಗಲಿಲ್ಲ. ದಿನಾ ಸಂಜೆ ಅವರು ಹಿಟ್ಟು ನಾದುವಾಗ ನಾನು ಪಕ್ಕದಲ್ಲಿ ಕೂತು ಊರಿನ ಸುದ್ದಿಯೆಲ್ಲ ಹೇಳಬೇಕು, ಸುದ್ದಿ ಮುಗಿದರೆ ಕಟ್ಟಿ ಹೇಳಬೇಕು. ಇದೇ ನಮ್ಮ ಸಂಸಾರ. ಇದರಲ್ಲಿ ನಾನು ಸುಖವಾಗಿದ್ದೆ.

ಹದಿನಾಲ್ಕು ವರ್ಷದಿಂದ ಗೂಡುಪೆಟ್ಟಿಗೆಯ ಉಸ್ತುವಾರಿ ನನ್ನದು. ನನಗಿಂತ ಮೊದಲು ಮರಿಯಪ್ಪನವರು ನೋಡಿಕೊಳ್ಳುತ್ತಿದ್ದರು. ಪೆಟ್ಟಿಗೆಯನ್ನು ಮೊದಲ ದಿನ ಜೋಡಿಸಿದವರೂ ಅವರೇ. ಕೆಲಸ ಒಪ್ಪಿಸುವಾಗ ಅವರು ಹೇಳಿಕೊಟ್ಟದ್ದು ಒಂದೇ ನಿಯಮ. ಕಾರ್ಡಿನ ಮೂತಿ ಒರೆಸು, ದೀಪ ನೋಡು, ಹಸಿರಿದ್ದರೆ ಎಲ್ಲ ಸರಿ ಎಂದು ಪುಸ್ತಕದಲ್ಲಿ ಬರೆ; ಏನೇ ಆದರೂ ಕಾರ್ಡನ್ನು ಗೂಡಿನಿಂದ ಎಳೆಯಬೇಡ. ಎಳೆದರೆ ಇಡೀ ಬೀದಿ ಮೂಕವಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ, ಹಾಗಾಗಿ ಏಕೆ ಎಂದು ನಾನು ಕೇಳಲಿಲ್ಲ. ಒರೆಸಿದೆ, ನೋಡಿದೆ, ಬರೆದೆ. ಹದಿನಾಲ್ಕು ವರ್ಷ.

ಈ ವರ್ಷ ಹಳೆಯ ಪೆಟ್ಟಿಗೆಯ ಫ್ಯಾನು ನಿಂತು ನಿಂತು ತಿರುಗತೊಡಗಿತು. ಅದರ ಬಿಡಿಭಾಗ ಈಗ ಯಾರೂ ಮಾಡುವುದಿಲ್ಲ, ಹೊಸ ಪೆಟ್ಟಿಗೆ ಕಳಿಸುತ್ತಿದ್ದೇವೆ, ಹಳೆಯ ಕಾರ್ಡುಗಳನ್ನೇ ಅದಕ್ಕೆ ಸಾಗಿಸಿಕೊಳ್ಳಿ ಎಂದು ಹೆಡ್ಡಾಫೀಸಿನವರು ಬರೆದರು. ಬಂದ ಪೆಟ್ಟಿಗೆ ನೋಡಿ ಊರಿನಲ್ಲಿ ಗುಲ್ಲೆದ್ದಿತು. ಹೊಸದರಲ್ಲಿ ಗೂಡುಗಳು ಅಡ್ಡಡ್ಡ ಇದ್ದವು. ಕಾರ್ಡುಗಳು ನಿಲ್ಲುವುದಿಲ್ಲ, ಒಂದರ ಮೇಲೊಂದು ಮಲಗುತ್ತವೆ. ಮಲಗಿದ ಕಾರ್ಡಿನಿಂದ ಬರುವ ದನಿಗೆ ನಿದ್ದೆ ಹತ್ತುವುದಿಲ್ಲವೇ ಎಂದು ಪಂಚಾಯಿತಿಯಲ್ಲಿ ಒಂದು ಮಧ್ಯಾಹ್ನವೆಲ್ಲ ಚರ್ಚೆಯಾಯಿತು. ತಮ್ಮ ಬೀದಿಯ ಕಾರ್ಡನ್ನು ಮೇಲಿನ ಗೂಡಿಗೇ ಹಾಕಬೇಕೆಂದು ಎಂಟನೇ ಬೀದಿಯವರು ಅರ್ಜಿ ಕೊಟ್ಟರು. ಗೂಡಿನ ಒಳತುದಿಯಲ್ಲಿ ಒಂದು ಉಕ್ಕಿನ ಮೊಳೆ ಇರುತ್ತದೆ, ಕಾರ್ಡಿನ ಹಿಂಬದಿಯಲ್ಲಿ ಅದಕ್ಕೆ ಸರಿಯಾಗಿ ಒಂದು ಕಚ್ಚು ಇರುತ್ತದೆ, ಗೂಡಿನಿಂದ ಗೂಡಿಗೆ ಆ ಮೊಳೆಯ ಜಾಗ ಬೇರೆ, ಆದ್ದರಿಂದ ಯಾವ ಕಾರ್ಡು ಎಲ್ಲಿ ಹೋಗಬೇಕೋ ಅಲ್ಲಿಗೇ ಹೋಗುತ್ತದೆ, ನಿಮ್ಮ ಇಷ್ಟಕ್ಕೂ ನನ್ನ ಇಷ್ಟಕ್ಕೂ ಬಿಟ್ಟದ್ದಲ್ಲ ಎಂದು ನಾನು ತಿಳಿಹೇಳಿದೆ. ಬಲು ಜಂಬದಿಂದಲೇ ಹೇಳಿದೆ.

ಕಾರ್ಡು ಸಾಗಿಸಲು ಬೀದಿಗೆ ಎಂಟು ನಿಮಿಷದಂತೆ ಮೂಕವೇಳೆ ಗೊತ್ತುಮಾಡಿ ಬೋರ್ಡಿಗೆ ಅಂಟಿಸಿದೆ. ಜನ ಹೊಂದಿಕೊಂಡರು. ಒಂದನೇ ಬೀದಿಯ ಶಾಲೆಯಲ್ಲಿ ಆ ಹೊತ್ತಿಗೆ ಕಾಪಿ ಬರೆಸಿದರು. ಎರಡನೇ ಬೀದಿಯ ಹರಾಜಿನವನು ಎಂಟು ನಿಮಿಷ ಬೀಡಿ ಸೇದಿದ. ಮೂರನೇ ಬೀದಿಯ ಒಂದು ಮನೆಯ ಗಂಡಹೆಂಡಿರು, ಅಕ್ಕಪಕ್ಕದವರಿಗೆ ಕೇಳಿಸಬಾರದೆಂದು, ಮೂರು ದಿನದಿಂದ ಕಟ್ಟಿಟ್ಟ ಜಗಳವನ್ನು ಆ ಎಂಟು ನಿಮಿಷದಲ್ಲಿ ಕೈಮಾತಿನಲ್ಲಿ ಆಡಿದರು. ಇಡೀ ಬೀದಿ ಕಿಟಕಿಯಲ್ಲಿ ನಿಂತು ನೋಡಿತು. ಹೀಗೆ ಮೂರು ಬೀದಿ ಸಲೀಸಾಗಿ ಮುಗಿದು, ಹತ್ತೂವರೆಗೆ ನಮ್ಮ ನಾಲ್ಕನೇ ಗೂಡಿನ ಸರದಿ ಬಂತು. ಕಾರ್ಡಿನ ಮೂತಿಯ ಎರಡು ತುದಿಗೆ ಮಡಚುವ ಹಿಡಿಕೆ ಇರುತ್ತವೆ, ನಾವು ಕಿವಿ ಎನ್ನುತ್ತೇವೆ; ಅವನ್ನು ಹಿಡಿದು ಎಳೆದೆ. ಗಂಟಲು ಬರಿದಾದದ್ದು ಗೊತ್ತಾಯಿತು. ಕಾರ್ಡು ಕೈಗೆ ಬಂತು.

ಅದರ ಹಿಂಬದಿಯಲ್ಲಿ ಒಂದರ ಬದಲು ಎರಡು ಕಚ್ಚು ಇದ್ದವು. ಒಂದು ಕಾರ್ಖಾನೆಯಲ್ಲಿ ಕೊರೆದದ್ದು, ನೇರ, ನುಣುಪು. ಇನ್ನೊಂದನ್ನು ಯಾರೋ ಅರದಿಂದ ಉಜ್ಜಿ ಮಾಡಿದ್ದರು, ಅಂಚೆಲ್ಲ ತರಿತರಿ. ಅದರ ಪಕ್ಕದಲ್ಲಿ ಒತ್ತಿದ ಅಂಕಿ ಒಂಬತ್ತು. ಧೂಳು ಒರೆಸಿ ಮತ್ತೆ ನೋಡಿದೆ, ಒಂಬತ್ತೇ. ಮಗ್ಗುಲಲ್ಲಿ ಸಣ್ಣ ಅಕ್ಷರದಲ್ಲಿ ಹೆಸರುಗಳ ಪಟ್ಟಿ ಅಂಟಿಸಿದ್ದರು. ಮೂವತ್ತೊಂದನೇ ತಂತಿಯ ಮುಂದೆ ಬೆರಳಿಟ್ಟೆ. ಜಯಶೀಲಾ, ಹೊಲಿಗೆ, ಒಂಬತ್ತನೇ ಬೀದಿ ಎಂದಿತ್ತು. ಹೋಗಿ ಒಂಬತ್ತನೇ ಗೂಡಿನ ಕಾರ್ಡನ್ನೂ ಎಳೆದೆ, ಬೋರ್ಡಿನಲ್ಲಿ ಹಾಕಿದ ವೇಳೆಯನ್ನೂ ನೋಡಲಿಲ್ಲ. ಅದರಲ್ಲೂ ಅರದ ಗುರುತು. ಒತ್ತಿದ ಅಂಕಿ ನಾಲ್ಕು. ಮೂವತ್ತೊಂದರ ಮುಂದೆ ವನಜಾಕ್ಷಿ. ಕೂಗಿಬಿಡಬೇಕು ಅನ್ನಿಸಿತು, ಕೂಗಲು ದನಿಯಿರಲಿಲ್ಲ. ಎರಡು ಕಾರ್ಡುಗಳನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟೆ. ಇಪ್ಪತ್ತೆರಡು ವರ್ಷ ನನ್ನದೆಂದು ಮೆರೆದ ದನಿ ನನ್ನದಲ್ಲ.

ಜಯಶೀಲಾ ಯಾರೆಂದು ಊರಿಗೆಲ್ಲ ಗೊತ್ತು. ನನ್ನ ವಾರಗೆಯವಳು, ರವಿಕೆ ಹೊಲಿಯುವುದರಲ್ಲಿ ಅವಳನ್ನು ಬಿಟ್ಟರಿಲ್ಲ. ಅವಳ ದನಿ ಮಾತ್ರ ಒರಟು. ತುಕ್ಕು ಹಿಡಿದ ಬಾಗಿಲು ತೆಗೆದ ಹಾಗೆ. ಮಕ್ಕಳು ಅವಳನ್ನು ಗರಗಸದಕ್ಕ ಎನ್ನುತ್ತಿದ್ದವು. ನೋಡಲು ಬಂದ ಗಂಡುಗಳೆಲ್ಲ ಅವಳು ಬಾಯಿ ಬಿಟ್ಟ ಮೇಲೆ ಎದ್ದುಹೋದರು, ಕಡೆಗೆ ಅವಳು ಬಾಯಿ ಬಿಡುವುದನ್ನೇ ಬಿಟ್ಟಳು. ಅಳತೆ ತೆಗೆದರೆ ಸೀಮೆಸುಣ್ಣದಲ್ಲಿ ಸ್ಲೇಟಿನ ಮೇಲೆ ಬರೆದು ತೋರಿಸುತ್ತಾಳೆ. ಹಾಗಾದರೆ ಆ ಗರಗಸ ನನ್ನದು. ನನ್ನ ಗಂಟಲಿನ ಅಳತೆಗೆ ಮಾಡಿದ್ದು.

ಗಡಿಯಾರ ನೋಡಿದರೆ ಹನ್ನೊಂದು ನಿಮಿಷ ಆಗಿಹೋಗಿತ್ತು. ಎರಡು ಬೀದಿ ಮೂಕವಾಗಿ ಕಾಯುತ್ತಿದ್ದವು. ಎರಡೂ ಕಾರ್ಡನ್ನು ಹಳೆಯ ಪೆಟ್ಟಿಗೆಯಲ್ಲೇ, ಇದ್ದ ಹಾಗೇ ತುರುಕಿ, ಇವತ್ತಿನ ಕೆಲಸ ಮುಗಿಯಿತು ಎಂದು ಬೋರ್ಡಿನ ಮೇಲೆ ಬರೆದು ಬೀಗ ಹಾಕಿದೆ. ಸೀದಾ ಮರಿಯಪ್ಪನವರ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಕಡಲೆಕಾಯಿ ಬಿಡಿಸುತ್ತ ಕೂತಿದ್ದರು. ನನ್ನ ಮುಖ ನೋಡಿದ್ದೇ ಅವರ ಕೈ ನಿಂತಿತು.

"ಎಳೆದ್ಯಾ?" ಎಂದರು.

"ಎಳೆದೆ. ಎರಡರಲ್ಲೂ ಅರ ಉಜ್ಜಿದ್ದಾರೆ. ಯಾರು ಉಜ್ಜಿದ್ದು?"

"ಇನ್ಯಾರು ಉಜ್ತಾರೆ. ಕೂತ್ಕೋ ಮೊದ್ಲು."

ನಾನು ಕೂರಲಿಲ್ಲ. ಅವರು ತಲೆ ತಗ್ಗಿಸಿಕೊಂಡೇ ಹೇಳಿದರು. ಮೊದಲ ದಿನ ಊರೆಲ್ಲ ಹೊರಗೆ ನೆರೆದಿತ್ತು. ಲಾರಿಯಲ್ಲಿ ನೀರು ಬಿದ್ದು ಎರಡು ಕಾರ್ಡಿನ ಪೊಟ್ಟಣದ ಮೇಲಿನ ಅಂಕಿ ಅಳಿಸಿಹೋಗಿತ್ತು. ಯಾವುದೋ ಒಂದನ್ನು ನಾಲ್ಕನೇ ಗೂಡಿಗೆ ಹಾಕಿದರೆ ಮುಕ್ಕಾಲು ಹೋಗಿ ನಿಂತಿತು. ಅಂಕಿ ಕಾರ್ಡಿನ ಮೇಲೂ ಒತ್ತಿದೆ ಎಂದು ಅವರಿಗೆ ಆಗ ತೋಚಲಿಲ್ಲ. ಕಾರ್ಖಾನೆಯವರು ಕಚ್ಚನ್ನು ತಪ್ಪು ಕೊರೆದಿದ್ದಾರೆ ಎಂದುಕೊಂಡು ಅರ ತೆಗೆದು ಉಜ್ಜಿದರು. ಇನ್ನೊಂದಕ್ಕೂ ಹಾಗೇ ಮಾಡಿದರು. ಎರಡೂ ಕೂತವು, ದೀಪ ಹಸಿರಾಯಿತು.

"ಹೊರಗಡೆ ಜನ ಕೂಗೋದು ಕೇಳಿಸ್ತು ನೋಡು, ನನ್ನ ಕಣ್ಣಲ್ಲಿ ನೀರು ಬಂದ್ಬಿಡ್ತು," ಎಂದರು. "ಎರಡು ತಿಂಗ್ಳಾದ್ಮೇಲೆ ಹೆಡ್ಡಾಫೀಸಿಂದ ಯಾವ ಕಚ್ಚು ಯಾವ ಗೂಡಿಗೆ ಅನ್ನೋ ನಕಾಶೆ ಬಂತು. ಆಗ ಗೊತ್ತಾಯ್ತು."

"ಗೊತ್ತಾದ್ಮೇಲೂ ಸುಮ್ನಿದ್ರಾ?"

"ಆ ವಾರಾನೇ ನಿನ್ನ ಮದ್ವೆ ಇತ್ತಲ್ಲಮ್ಮ. ಶೇಷಣ್ಣ ನಿನ್ನ ದನಿ ಕೇಳಿ ಹುಚ್ಚಾಗಿದ್ದ. ಇಪ್ಪತ್ನಾಕು ವರ್ಷ ಯಾರ ಮಾತೂ ಕೇಳ್ದೆ ಇದ್ದ ಪ್ರಾಣಿ. ನಾನು ಹೋಗಿ ಏನಂತ ಹೇಳ್ಲಿ? ನಿಮ್ಮಿಬ್ಬರ ಮೇಲೆ ಅಕ್ಷತೆ ಹಾಕ್ಬಿಟ್ಟು ಬಂದೆ. ಆಮೇಲೆ ದಿನ ಕಳೀತು, ಹೇಳೋ ಹೊತ್ತು ಮೀರಿಹೋಯ್ತು."

ನನಗೆ ಸಿಟ್ಟು ನೆತ್ತಿಗೇರಿತು. ನಿಮ್ಮ ಒಂದು ಅರದಿಂದ ಒಬ್ಬಳ ಬಾಳು ಹಾಳಾಯಿತಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಆದರೆ ಅದನ್ನು ಹೇಳಲು ಹೊರಟಿದ್ದು ಅವಳದೇ ದನಿ. ಬಾಯಿ ಮುಚ್ಚಿಕೊಂಡೆ.

ಮರಿಯಪ್ಪನವರು ಸಿಪ್ಪೆ ಕೊಡವಿ ಎದ್ದು ಹತ್ತಿರ ಬಂದರು. "ಉಜ್ಜಿರೋ ಕಾರ್ಡು ಹೊಸ ಪೆಟ್ಟಿಗೇಲೂ ಎರಡು ಕಡೇನೂ ಕೂರುತ್ತೆ. ನಾಳೆ ಇದ್ದ ಹಾಗೇ ಕೂರಿಸು, ಎಂಟು ನಿಮಿಷದ ಕೆಲ್ಸ. ಯಾರಿಗೂ ಗೊತ್ತಾಗಲ್ಲ. ನಾನಂತೂ ಇನ್ನೆಷ್ಟು ದಿನ ಇರ್ತೀನಿ. ನಿನ್ನ ಸಂಸಾರ ಉಳೀತದೆ."

ಸಂಜೆ ಬೇಕರಿಯಲ್ಲಿ ನಮ್ಮವರ ಪಕ್ಕದಲ್ಲಿ ಕೂತೆ. ಅವರು ಮೈದಾಹಿಟ್ಟು ನಾದುತ್ತಿದ್ದರು. ಒಂದೆರಡು ಸುದ್ದಿ ಹೇಳಿದೆ, ಮೂರನೇ ಬೀದಿಯ ಜಗಳದ್ದು. ಅವರು ನಗಲಿಲ್ಲ.

"ಏನಾಯ್ತೇ? ದನೀಲಿ ನಡುಕ ಇದೆ."

"ರೀ, ನನ್ನ ದನಿ ಒಂದಿನ ಬದಲಾಗ್ಬಿಟ್ರೆ ಏನ್ಮಾಡ್ತೀರಿ?"

"ಶೀತ ಆಗಿದ್ಯಾ?"

"ಶೀತ ಅಲ್ಲ. ಪೂರ್ತಿ ಬೇರೆ. ಬೇರೆ ಹೆಂಗಸಿನ ಥರ."

ಅವರು ನಾದುವುದನ್ನು ನಿಲ್ಲಿಸಿದರು. "ನಿನ್ನ ಮುಖ ನಂಗೆ ಗೊತ್ತಿಲ್ಲ, ಬಣ್ಣ ಗೊತ್ತಿಲ್ಲ. ಇರೋದು ಅದೊಂದೇ. ಅದೂ ಹೋದ್ರೆ ಇನ್ನೊಂದ್ಸಲ ಕಣ್ಣು ಹೋದ ಹಾಗೆ. ಇಂಥದ್ದೆಲ್ಲ ಮಾತಾಡ್ಬೇಡ, ಸುಮ್ನಿರು," ಎಂದರು. ಅವರ ದನಿ ನಿಮಗೆ ಗೊತ್ತಿಲ್ಲ. ತುಂಬಿದ ಕೊಡದ ಹಾಗೆ ಗಂಭೀರವಾದದ್ದು. ಆ ದನಿಯಲ್ಲಿ ಈ ಮಾತು ಕೇಳಿದ್ದೇ ಸಾಕಾಯಿತು. ನಾಳೆ ಇದ್ದ ಹಾಗೇ ಕೂರಿಸುವುದು ಎಂದು ಅಲ್ಲೇ ತೀರ್ಮಾನ ಮಾಡಿಬಿಟ್ಟೆ. ತೀರ್ಮಾನವಾದ ಮೇಲೆ ಹಸಿವಾಯಿತು, ಎರಡು ಬನ್ನು ತಿಂದೆ, ಚೆನ್ನಾಗಿ ನಿದ್ದೆಯೂ ಬಂತು. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ಬಂದದ್ದು ಬಂತು.

ಬೆಳಿಗ್ಗೆ ಎದ್ದು ಪೆಟ್ಟಿಗೆಯ ಕೋಣೆಗೆ ಹೋಗಿ ನಾಲ್ಕನೇ ಗೂಡಿನ ಕಾರ್ಡು ಎಳೆಯುವ ಮುನ್ನ ಪುಸ್ತಕದಲ್ಲಿ ವೇಳೆ ಬರೆಯಬೇಕಿತ್ತು. ಪುಸ್ತಕ ತೆಗೆದವಳು ಸುಮ್ಮನೆ ಹಿಂದಿನ ಹಾಳೆಗಳನ್ನು ಮಗುಚಿದೆ. ಸುಮ್ಮನೆ ಅಲ್ಲ, ಅಲ್ಲೇನಿದೆ ಎಂದು ನನಗೆ ಗೊತ್ತಿತ್ತು. ಅದು ದೂರು ಬರೆಯುವ ಭಾಗ. ಹದಿನಾಲ್ಕು ವರ್ಷದಲ್ಲಿ ಜಯಶೀಲಾ ಮೂರು ಸಲ ಬಂದು ದೂರು ಬರೆದಿದ್ದಳು. ಹೊಲಿಗೆಯ ಹಾಗೇ ಒಪ್ಪವಾದ ಅಕ್ಷರ. "ಈ ದನಿ ನನ್ನದಲ್ಲ ಎಂದು ನನಗೆ ಅನ್ನಿಸುತ್ತದೆ. ದಯವಿಟ್ಟು ಒಮ್ಮೆ ನೋಡಿ." ಮೂರು ಸಲವೂ ಅದೇ ಮಾತು. ಅದರ ಕೆಳಗೆ ಮೂರು ಸಲವೂ ನನ್ನ ಕೈಬರಹ. "ಪರೀಕ್ಷಿಸಲಾಗಿದೆ. ದೀಪ ಹಸಿರು. ದೋಷವಿಲ್ಲ." ಮೂರನೇ ಸಲ ಬಂದಾಗ ನಾನು ಇನ್ನೂ ಒಂದು ಮಾತು ಆಡಿದ್ದೆ. "ದನಿ ಹೆಂಗಿದ್ರೇನಮ್ಮ, ಕೈಯಲ್ಲಿ ಕೆಲ್ಸ ಇದ್ಯಲ್ಲ ನಿಂಗೆ," ಎಂದು ನಕ್ಕಿದ್ದೆ. ಅವಳದೇ ದನಿಯಲ್ಲಿ ಅವಳಿಗೆ ಹೇಳಿದ್ದೆ. ಅವಳು ನನ್ನ ಬಾಯನ್ನೇ ನೋಡುತ್ತ ನಿಂತಿದ್ದಳು. ನಾನು ಚೆನ್ನಾಗಿ ಕಾಣುತ್ತಿದ್ದೇನೆ, ಅದಕ್ಕೇ ನೋಡುತ್ತಿದ್ದಾಳೆ ಎಂದುಕೊಂಡಿದ್ದೆ.

ಪುಸ್ತಕ ಮುಚ್ಚಿದೆ. ಇನ್ನು ಒಂದು ನಿಮಿಷ ತಡಮಾಡಿದ್ದರೆ ಮನಸ್ಸು ತಿರುಗುತ್ತಿತ್ತು, ಅದು ಎಂಥ ಮನಸ್ಸೆಂದು ನನಗೆ ಗೊತ್ತಿದೆ. ಎರಡೂ ಕಾರ್ಡನ್ನು ಒಟ್ಟಿಗೆ ಎಳೆದೆ. ನಾಲ್ಕೆಂದು ಒತ್ತಿದ್ದನ್ನು ಹೊಸ ಪೆಟ್ಟಿಗೆಯ ನಾಲ್ಕನೇ ಗೂಡಿಗೆ, ಒಂಬತ್ತೆಂದು ಒತ್ತಿದ್ದನ್ನು ಒಂಬತ್ತಕ್ಕೆ ತಳ್ಳಿದೆ. ಹಳಿಯ ಮೇಲೆ ಜಾರಿ ಹೋಗಿ ಟಕ್ಕೆಂದು ಕೂತವು. ಕಾರ್ಡಿನ ಕಿವಿ ಮಡಚಿದೆ. ಮೊದಲು ಕೆಂಪು, ಆಮೇಲೆ ಹಳದಿ, ಆಮೇಲೆ ಹಸಿರು. ದೀಪಕ್ಕೇನು, ಅದು ಅವತ್ತೂ ಹಸಿರೇ ಇತ್ತು.

ಕಾರ್ಡು ಹಾಕಿದ ಮೇಲೆ ಒಂದು ಎರಡು ಮೂರು ಎಂದು ಹೇಳಿ ನೋಡುವುದು ನಮ್ಮ ಪದ್ಧತಿ. "ಒಂದು," ಎಂದೆ. ಕೋಣೆಯಲ್ಲಿ ಗರಗಸ ಎಳೆದ ಹಾಗಾಯಿತು. ಎರಡು ಎನ್ನಲು ಧೈರ್ಯ ಸಾಲಲಿಲ್ಲ.

ಹೊರಗೆ ಎರಡು ಬೀದಿಗಳಲ್ಲಿ ಆದ ಗಲಿಬಿಲಿಯನ್ನು ಏನೆಂದು ಹೇಳಲಿ. ಹತ್ತು ನಿಮಿಷದೊಳಗೆ ಕೋಣೆಯ ಮುಂದೆ ಜನ ಸೇರಿದರು. ಬಂದವರೆಲ್ಲ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದರು. ತಮ್ಮ ದನಿಗೆ ತಾವೇ ಬೆಚ್ಚಿ ಕೈಮಾತಿನಲ್ಲೇ ಕೇಳಿದರು, ಏನಿದು ಎಂದು. ನಾನು ಹಸಿರು ದೀಪ ತೋರಿಸಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದು ಬೋರ್ಡಿಗೆ ಅಂಟಿಸಿದೆ, ನನ್ನ ಮೂರು ಪರೀಕ್ಷೆಗಳನ್ನೂ ಸೇರಿಸಿ. ಒಬ್ಬ ಮುದುಕಿ ಮತ್ತೆ ಮತ್ತೆ ತನ್ನ ಕುತ್ತಿಗೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ನಾನು ಉಳಿದ ಬೀದಿಗಳ ಕಾರ್ಡು ಸಾಗಿಸುತ್ತ, ಮನಸ್ಸಿನಲ್ಲಿ ನಮ್ಮ ಬೀದಿಯವರ ಲೆಕ್ಕ ಹಾಕಿದೆ. ಎಳನೀರಿನವನು ಇನ್ನು ಹೇಗೆ ಕೂಗುತ್ತಾನೆ, ಭಜನೆಗೆ ಯಾರು ಹೇಳಿಕೊಡುತ್ತಾರೆ, ಪಕ್ಕದ ಮನೆಯ ಸೊಸೆ ಅತ್ತೆಯನ್ನು ಹೇಗೆ ಗುರುತು ಹಿಡಿಯುತ್ತಾಳೆ ಎಂದು ಒಬ್ಬೊಬ್ಬರನ್ನೂ ನೆನೆದೆ. ನಮ್ಮವರನ್ನು ನೆನೆದಾಗಲೆಲ್ಲ ನೆನಪಾದದ್ದು ಅವರ ಕಿವಿ. ಆ ಕಿವಿಯ ಹತ್ತಿರ ಹೋಗಿ ಈ ದನಿಯಲ್ಲಿ ಏನೆಂದು ಶುರುಮಾಡಲಿ?

ಸಾಯಂಕಾಲ ಮನೆಗೆ ಹೋಗುವಾಗ ಸುತ್ತುಹಾಕಿಕೊಂಡು ಒಂಬತ್ತನೇ ಬೀದಿಯಲ್ಲಿ ಹೋದೆ. ಹೊಲಿಗೆ ಅಂಗಡಿಯ ಬಾಗಿಲು ತೆರೆದಿತ್ತು. ಜಯಶೀಲಾ ಒಬ್ಬ ಹುಡುಗಿಗೆ ಅಳತೆ ತೆಗೆಯುತ್ತಿದ್ದಳು. "ಎದೆ ಮೂವತ್ತೆರಡು. ತೋಳು ಒಂಬತ್ತೂವರೆ. ಕೈ ಎತ್ತು ಕಂದ. ಉದ್ದ ಹದಿಮೂರು. ಹದಿಮೂರು ಸಾಕಾ, ಹದಿಮೂರೂವರೆ ಇಡ್ಲಾ?" ಬೇಕಾದ್ದನ್ನೂ ಬೇಡದ್ದನ್ನೂ ಜೋರಾಗಿ ಹೇಳುತ್ತಿದ್ದಳು, ಟೇಪನ್ನು ಒಂದೇ ಜಾಗಕ್ಕೆ ಎರಡೆರಡು ಸಲ ಇಟ್ಟು ಹೇಳುತ್ತಿದ್ದಳು. ನನ್ನ ದನಿ ರಸ್ತೆಯಾಚೆಯಿಂದ ಹೀಗೆ ಕೇಳುತ್ತದೆ ಎಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಬೈಯಲಿಲ್ಲ, ನಗಲಿಲ್ಲ. ನನ್ನ ಬಾಯನ್ನು ಒಂದು ಕ್ಷಣ ನೋಡಿ ಮತ್ತೆ ಟೇಪಿನ ಕಡೆ ತಿರುಗಿದಳು. ಅವಳಿಗೆ ನನಗಾಗಿ ಪುರುಸೊತ್ತಿರಲಿಲ್ಲ. ಅದೇ ಸರಿ ಎನ್ನಿಸಿತು.

ಬೇಕರಿ ಮುಚ್ಚಿತ್ತು. ಇಪ್ಪತ್ತೆರಡು ವರ್ಷದಲ್ಲಿ ಆ ಹೊತ್ತಿಗೆ ಅದು ಮುಚ್ಚಿದ್ದನ್ನು ನಾನು ನೋಡಿರಲಿಲ್ಲ. ಹಿಂಬಾಗಿಲಿನಿಂದ ಮನೆಯೊಳಗೆ ಹೋದೆ. ಅವರು ಅಡುಗೆಮನೆಯಲ್ಲಿ ಮಣೆಯ ಮೇಲೆ ಗೋಡೆಗೊರಗಿ ಕೂತಿದ್ದರು. ನಾನು ಹೊಸ್ತಿಲಲ್ಲೇ ನಿಂತೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದೆ. ಮೊದಲು ಹೆಸರು ಹೇಳುವುದು, ಆಮೇಲೆ ಹೆದರಬೇಡಿ ಎನ್ನುವುದು, ಆಮೇಲೆ ಕಾರ್ಡಿನ ಕಥೆ. ಅವರು ನನ್ನನ್ನು ಹೊರಗಿನವಳೆಂದು ತಿಳಿದು ಯಾರು ಎಂದು ಗದರಿದರೆ ಅಳಬಾರದು ಎಂದೂ ಗಟ್ಟಿಮಾಡಿಕೊಂಡಿದ್ದೆ. ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಅವರೇ ಮುಖವೆತ್ತಿ ಮಾತಾಡಿದರು.

"ಬಂದ್ಯಾ ವನಜಾ? ಬಾ. ನೀನೇ ಅಂತ ಗೊತ್ತಾಯ್ತು, ಹೆಜ್ಜೆ ಕೇಳಿಸ್ತು. ನಿನ್ನ ದನಿ ಹೆಂಗಾಗಿದ್ರೂ ಪರವಾಗಿಲ್ಲ ಕಣೇ, ನಿನ್ನೆ ಏನೋ ಅಂದ್ಬಿಟ್ಟೆ."

ಸಣ್ಣದು, ಕೀರಲು, ಪ್ರತಿ ಮಾತಿನ ಕೊನೆಗೆ ಮೂಗಿನಲ್ಲಿ ಎಳೆಯುವಂಥದ್ದು. ನನ್ನ ಅಡುಗೆಮನೆಯಲ್ಲಿ ಗುರುತಿಲ್ಲದ ಒಬ್ಬ ಗಂಡಸು ನನ್ನ ಹೆಸರು ಹಿಡಿದು ಕರೆಯುತ್ತಿದ್ದ. ನನಗೆ ಯೋಚನೆ ಮಾಡಲು ಹೊತ್ತು ಸಿಗಲಿಲ್ಲ. ಕಾಲು ತಾನಾಗಿ ಹಿಂದಕ್ಕೆ ಹೋಯಿತು, ಬೆನ್ನು ಬಾಗಿಲಿಗೆ ಬಡಿಯಿತು, ಬಾಗಿಲು ಸದ್ದುಮಾಡಿತು.

ಅವರು ಮಾತು ನಿಲ್ಲಿಸಿದರು. ನಮ್ಮವರ ಕಿವಿಯ ವಿಷಯ ಆಗಲೇ ಹೇಳಿದ್ದೇನೆ. ಅದೇ ಮುಖ, ಅದೇ ಹಿಟ್ಟು ಮೆತ್ತಿದ ಕೈ. ಮಧ್ಯಾಹ್ನವೆಲ್ಲ ಬೇಕರಿ ಮುಚ್ಚಿಕೊಂಡು, ತನ್ನ ದನಿ ನನಗೆ ಹಿಡಿಸೀತೋ ಇಲ್ಲವೋ ಎಂದು ಕೂತಿದ್ದ ಮನುಷ್ಯ. ನಾನೇ ಕೈಯಾರೆ ಬದಲಿಸಿ ಬಂದ ದನಿ, ನಾನು ಒಂದು ಸಲವೂ ನೆನೆಯದಿದ್ದ ದನಿ.

"ಹಿಂದಕ್ಕೆ ಹೋದೆಯಲ್ಲ," ಎಂದರು ಅವರು, ಮೆಲ್ಲಗೆ.

"ಇಲ್ಲ," ಎಂದೆ. ನನ್ನ ಸ್ವಂತ ದನಿಯಲ್ಲಿ ನನ್ನ ಗಂಡನಿಗೆ ನಾನು ಆಡಿದ ಮೊದಲ ಮಾತು ಅದು, ಸುಳ್ಳು.